ಋಣವೆಂದರೆ ಶಿಕ್ಷೆಯಲ್ಲ

ಮನಶ್ಶಾಸ್ತ್ರದಲ್ಲಿ ಬಹಳವಾಗಿ ಅಪಾರ್ಥಕ್ಕೆ ಗುರಿಯಾದ ಪದಗಳಲ್ಲಿ ‘ಋಣಾತ್ಮಕ ಪುನರ್ಬಲನ’ವೂ ಒಂದು. ಅನೇಕರು ಇದನ್ನು ಶಿಕ್ಷೆಯೆಂದೇ ಭಾವಿಸುತ್ತಾರೆ. ವಾಸ್ತವವಾಗಿ ಇವೆರಡರ ಪರಿಣಾಮಗಳು ಒಂದಕ್ಕೊಂದು ವಿರುದ್ಧವಾದುವು. ಹೇಗೆಂಬುದನ್ನು ನಾವು ಪರಿಶೀಲಿಸೋಣ.

ಅಮೆರಿಕದ ಥಾರ್ನ್‌ಡೈಕನು ಹಸಿದ ಬೆಕ್ಕನ್ನು ಪೆಟ್ಟಿಗೆಯೊಂದರಲ್ಲಿ ಕೂಡಿ, ಹೊರಗೆ ಆಹಾರವನ್ನಿಟ್ಟನು. ಪರಚಿ, ಕಚ್ಚಿ, ಒದ್ದಾಡಿದ ಬೆಕ್ಕು ಕೊನೆಗೆ ಆಕಸ್ಮಿಕವಾಗಿ ಅಗುಳಿಯನ್ನು ಸರಿಸಿ ಹೊರಬಂದಿತು. ಮತ್ತೆ ಮತ್ತೆ ಕೂಡಿದಂತೆ, ಹೊರಬರಲು ಹಿಡಿಯುವ ಕಾಲವು ಕಡಿಮೆಯಾಗುತ್ತ ಹೋಯಿತು. 1898ರಲ್ಲಿ ಪ್ರಕಟವಾದ ಈ ಪ್ರಯೋಗಗಳಿಂದ ‘ಪರಿಣಾಮ ನಿಯಮ’ವು ರೂಪುಗೊಂಡಿತು: ಸುಖವನ್ನು ತಂದ ಕ್ರಿಯೆ ನೆಲೆಯೂರುತ್ತದೆ.

ಈ ವಿಚಾರವನ್ನು ಮುಂದೆ ಬೆಳೆಸಿದವನು ಬಿ. ಎಫ್. ಸ್ಕಿನ್ನರ್ (1904-1990). ಪೆಟ್ಟಿಗೆಯಲ್ಲಿರುವ ಇಲಿಯು ಸನ್ನೆಯನ್ನು ಒತ್ತಿದೊಡನೆ ಆಹಾರದ ಗುಳಿಗೆ ದೊರೆಯಿತೆನ್ನೋಣ. ಒತ್ತುವಿಕೆ ಹೆಚ್ಚುತ್ತದೆ, ಇದು ಧನಾತ್ಮಕ ಪುನರ್ಬಲನ. ನೆಲದಲ್ಲಿ ಹರಿಯುತ್ತಿರುವ ವಿದ್ಯುತ್ತು ಸನ್ನೆಯನ್ನು ಒತ್ತಿದೊಡನೆ ನಿಂತರೆ, ಆಗಲೂ ಒತ್ತುವಿಕೆ ಹೆಚ್ಚುತ್ತದೆ. ಇದು ಋಣಾತ್ಮಕ ಪುನರ್ಬಲನ. ಒತ್ತಿದೊಡನೆ ವಿದ್ಯುದಾಘಾತವೇ ತಗುಲಿದರೆ ಇಲಿಯು ಒತ್ತುವುದನ್ನು ಕಡಿಮೆ ಮಾಡುತ್ತದೆ, ಇದು ಶಿಕ್ಷೆ. ಇಲ್ಲಿ ಧನ, ಋಣಗಳೆಂದರೆ ಒಳಿತು, ಕೆಡುಕುಗಳಲ್ಲ. ಗಣಿತದಲ್ಲಿದ್ದಂತೆ ಕೂಡುವುದು ಮತ್ತು ಕಳೆಯುವುದು ಮಾತ್ರ. ಸ್ಕಿನ್ನರನೇ 1938ರ ಗ್ರಂಥದಲ್ಲಿ ಈ ಪದವನ್ನು ಶಿಕ್ಷೆಯ ಅರ್ಥದಲ್ಲಿ ಬಳಸಿ, 1953ರ ಗ್ರಂಥದಲ್ಲಿ ಇಂದಿನ ಅರ್ಥವನ್ನು ಕೊಟ್ಟನು. ಹೀಗಿರುವಾಗ ಓದುಗರಿಗೆ ಗೊಂದಲವಾಗುವುದು ಸೋಜಿಗವಲ್ಲ.

ಈ ಭೇದವು ಕೇವಲ ಪರೀಕ್ಷೆಯ ಉತ್ತರಕ್ಕೆ ಬೇಕಾದುದೇ? ಅಲ್ಲ. ಗಣಿತಕ್ಕೆ ಅಂಜುವ ವಿದ್ಯಾರ್ಥಿಯನ್ನು ನೋಡೋಣ. ಪುಸ್ತಕವನ್ನು ತೆರೆದೊಡನೆ ಎದೆಯಲ್ಲಿ ಅಳುಕು. ‘ನಾಳೆ ನೋಡೋಣ’ವೆಂದು ಮುಚ್ಚಿದೊಡನೆ ನೆಮ್ಮದಿ. ಅಳುಕು ಕಳೆದುದರಿಂದ ಬಲಗೊಂಡದ್ದು ಯಾವ ಕ್ರಿಯೆ? ಪುಸ್ತಕವನ್ನು ಮುಚ್ಚುವ ಕ್ರಿಯೆ! ಹೀಗೆ ಪ್ರತಿದಿನದ ನೆಮ್ಮದಿಯೂ ಮರುದಿನದ ಮುಂದೂಡಿಕೆಗೆ ನೀರೆರೆಯುತ್ತದೆ. ಹಿರಿಯರು ಇದನ್ನು ಸೋಮಾರಿತನವೆಂದು ಗದರಿಸಿದರೆ ಅಳುಕು ಇಮ್ಮಡಿಸುತ್ತದೆ. ಅದರಿಂದ ತಪ್ಪಿಸಿಕೊಳ್ಳುವ ಹಂಬಲವೂ ಬೆಳೆಯುತ್ತದೆ.

ಇದೇ ನಿಯಮವನ್ನು ನಾವು ನಮ್ಮ ಹಿತಕ್ಕೂ ತಿರುಗಿಸಿಕೊಳ್ಳಬಹುದು. ಸುಲಭವಾದ ಒಂದು ಲೆಕ್ಕವನ್ನಾದರೂ ಬಿಡಿಸಿದ ಬಳಿಕವೇ ಪುಸ್ತಕವನ್ನು ಮುಚ್ಚೋಣ. ಆಗ ಬಿಡುಗಡೆಯ ನೆಮ್ಮದಿಯು ಪಲಾಯನವನ್ನು ಹಿಂಬಾಲಿಸದೆ ಪ್ರಯತ್ನವನ್ನು ಹಿಂಬಾಲಿಸುತ್ತದೆ. ಮರುದಿನ ಎರಡು ಲೆಕ್ಕಗಳಾಗಲಿ. ಪದದ ನಿಜಾರ್ಥವನ್ನರಿತವನಿಗೆ ತನ್ನ ಅಭ್ಯಾಸದ ಬೇರೂ ಕಾಣುತ್ತದೆ. ಬೇರು ಕಂಡರೆ ಅದನ್ನು ತಿದ್ದುವ ದಾರಿಯೂ ತೆರೆಯುತ್ತದೆ.