ಡೋಣಿ ದಂಡೆಯ ಸುಣ್ಣಕಲ್ಲು

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಇವೆರಡರ ನಡುವೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆ ಹರಡಿದೆ. ಇಲ್ಲಿ ಗುಡ್ಡಗಳು ಕಡಿಮೆ, ಕಾಡು ಇನ್ನೂ ಕಡಿಮೆ. ಕಣ್ಣಿಗೆ ಬೀಳುವುದು ಎರೆಹೊಲ, ನಡುನಡುವೆ ಗರಸಿನ ಮರಡಿ. ಹಿಂದೆ ಮುದ್ದೇಬಿಹಾಳ ತಾಲ್ಲೂಕಿಗೇ ಸೇರಿದ್ದ ತಾಳಿಕೋಟೆಯ ಬಳಿ ಡೋಣಿ ನದಿಯತ್ತ ಇಳಿದರೆ ಮಾತ್ರ ನೆಲದ ಕಲ್ಲೇ ಬದಲಾಗುತ್ತದೆ. ಕರಿಕಲ್ಲು ಹಿಂದುಳಿದು, ಹಾಸಿನ ಮೇಲೆ ಹಾಸು ಜೋಡಿಸಿದಂತಿರುವ ಬೂದು ಸುಣ್ಣಕಲ್ಲು ಹೊರಬೀಳುತ್ತದೆ.

ಇದು ಭೂವಿಜ್ಞಾನಿಗಳು ‘ಭೀಮಾ ಶಿಲಾಸಮೂಹ’ ಎಂದು ಕರೆಯುವ ಪದರಗಳ ನೈಋತ್ಯದ ತುದಿ. ಇಲ್ಲಿಂದ ಈ ಪಟ್ಟಿ ಶಹಾಪುರ, ಶಹಾಬಾದ್, ಸೇಡಂ ಕಡೆಯಿಂದ ತೆಲಂಗಾಣದ ತಾಂಡೂರಿನವರೆಗೆ ಸಾಗುತ್ತದೆ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟವಾದ ದಕ್ಷಿಣ ಮರಾಠಾ ಸೀಮೆಯ ಭೂವೈಜ್ಞಾನಿಕ ವರದಿಯಲ್ಲಿ ಈ ಶಿಲೆಗಳನ್ನು ವಿವರಿಸಿದ್ದಾನೆ.

ಅಡಿಪಾಯ 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳದು. ಅದರ ಮೇಲೆ ಆಳವಿಲ್ಲದ ಕಡಲು ಹಬ್ಬಿದಾಗ ಮೊದಲು ಮರಳು, ಜೇಡಿ ಕೂತವು. ಆಮೇಲೆ ನೀರಿನಲ್ಲಿ ಕರಗಿದ್ದ ಸುಣ್ಣ ನುಣ್ಣನೆಯ ಕೆಸರಾಗಿ ತಳ ಸೇರಿತು. ಈ ಕಲ್ಲಿನಲ್ಲಿ ಶಂಖ, ಚಿಪ್ಪು ಹುಡುಕಿದರೆ ಸಿಗುವುದಿಲ್ಲ. ಚಿಪ್ಪಿನ ಪ್ರಾಣಿಗಳು ಲೋಕದಲ್ಲಿ ಹೆಚ್ಚುವ ಮೊದಲೇ, ಅಂದರೆ 54 ಕೋಟಿ ವರ್ಷಗಳಿಗೂ ಹಿಂದೆ, ಇದು ಗಟ್ಟಿಯಾಗಿತ್ತು. ಸುಣ್ಣದ ಪದರಗಳ ನಡುವೆ ಜೇಡಿಯ ತೆಳು ಪೊರೆಗಳೂ ಉಳಿದವು. ಉಳಿ ಸಂದಿಗೆ ಸಿಕ್ಕರೆ ಕಲ್ಲು ಹಲಗೆಯಂತೆ ಏಳುವುದು ಇದರಿಂದಲೇ. ಮನೆಯ ನೆಲಕ್ಕೆ ಹಾಸುವ ಪರಸಿಯ ಗುಟ್ಟು ಕಲ್ಲುಕುಟಿಗನ ಕೈಚಳಕಕ್ಕಿಂತ ಈ ಪೊರೆಯಲ್ಲೇ ಹೆಚ್ಚಿದೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಇದನ್ನೆಲ್ಲ ಮುಚ್ಚಿತು. ಇಂಡಿ, ಸಿಂದಗಿ, ಬಾಗೇವಾಡಿಗಳ ಕರಿಕಲ್ಲು ಆ ಲಾವಾ ಆರಿ ಆದದ್ದು. ನದಿಗಳು ಈ ಹೊದಿಕೆಯನ್ನು ಸವೆಸಿದ ಅಂಚಿನಲ್ಲಷ್ಟೇ ಸುಣ್ಣಕಲ್ಲು ಬಯಲಾಗಿದೆ.

ಸುಣ್ಣಕಲ್ಲೆಂದರೆ ಕಾಡು ಮುಚ್ಚಿದ ಶಿಖರವೂ ಆಗಬಲ್ಲದು. ಕುಮಟಾ ತಾಲ್ಲೂಕಿನ ಯಾಣದಲ್ಲಿ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತಿದೆ. ಯಾಣದ ಸುಣ್ಣಕಲ್ಲಿನ ಬಗೆ ಬೇರೆ, ಅದು ಕಂಡ ಮಳೆಯೂ ಬೇರೆ. ಸಹ್ಯಾದ್ರಿಯ ಜಡಿಮಳೆಯೇ ಕಲ್ಲನ್ನು ಕರಗಿಸಿ ಕೆತ್ತಿದೆ. ತಾಳಿಕೋಟೆಯ ಪದರಗಳು ಬಹುಮಟ್ಟಿಗೆ ಮಡಿಕೆ ಬೀಳದೆ ಮಲಗಿವೆ, ಮಳೆಯೂ ಕಡಿಮೆ. ಇಲ್ಲಿ ಅಂಥ ಶಿಖರ ಮೂಡಲು ಎರಡೂ ಕಾರಣ ಒದಗಲಿಲ್ಲ.

ಈ ಸೀಮೆಯಲ್ಲಿ ಮಳೆ ಕಡಿಮೆ ಎಂಬುದಕ್ಕೆ ಇನ್ನೊಂದು ಗುರುತೂ ಉಂಟು. ಕರಿಕಲ್ಲು ಸವೆದಾಗ ಬಿಡುಗಡೆಯಾಗುವ ಸುಣ್ಣ ತೊಳೆದುಹೋಗದೆ, ಎರೆಮಣ್ಣಿನಲ್ಲೇ ಬಿಳಿ ಹರಳಾಗಿ ಗಂಟುಕಟ್ಟುತ್ತದೆ. ಹೀಗಾಗಿ ಸುಣ್ಣಕಲ್ಲಿನ ಬಂಡೆ ಕಾಣದ ಹೊಲದಲ್ಲೂ ಸುಣ್ಣ ಸಿಗುತ್ತದೆ.

ಸುಣ್ಣದ ಕಲ್ಲು ಯಾವುದು, ಕರಿಕಲ್ಲು ಯಾವುದು ಎಂದು ಗುರುತಿಸಲು ಪ್ರಯೋಗಾಲಯ ಬೇಕಿಲ್ಲ, ಇಂಡಿಯ ನಿಂಬೆಹಣ್ಣು ಸಾಕು. ರಸದ ಹನಿ ಬಿದ್ದರೆ ಸುಣ್ಣದ ಹರಳು, ಪರಸಿ ಎರಡೂ ಸಣ್ಣಗೆ ನೊರೆಯುತ್ತವೆ. ಪಾಲಿಶ್ ಮಾಡಿದ ಪರಸಿಯ ಮೇಲೆ ಹೊಳಪು ಹೋದ ಕಲೆಯೂ ಉಳಿಯುತ್ತದೆ. ಹೊಸದಾಗಿ ಒಡೆದ ಕರಿಕಲ್ಲಿಗೆ ಏನೂ ಆಗುವುದಿಲ್ಲ.