ಮುಟ್ಟುಗೋಲಿಗೆ ಸಿಗದ ಆಸ್ತಿ

ಹೊಸ ಮನೆಯನ್ನು ಆಶೀರ್ವದಿಸಲು ಭಕ್ತರು ಕರೆದಾಗ ನಾವು ಸಂತೋಷದಿಂದಲೇ ಹೋಗುತ್ತೇವೆ. ಬೆವರು ಸುರಿಸಿ ಕಟ್ಟಿದ ಮನೆಯನ್ನು ಕಂಡು ಹಿಗ್ಗದಿರುವುದು ಧರ್ಮವಲ್ಲ. ಇಂತಹ ಒಂದು ಮನೆಯಲ್ಲಿ ಕೋಣೆಯಿಂದ ಕೋಣೆಗೆ ಪವಿತ್ರ ಜಲವನ್ನು ಪ್ರೋಕ್ಷಿಸುತ್ತ ಮಹಡಿಯನ್ನು ತಲುಪಿದಾಗ, ಕೊಲ್ಲಿ ರಾಷ್ಟ್ರದಲ್ಲಿ 18 ವರ್ಷ ದುಡಿದಿದ್ದ ಯಜಮಾನರು ತಗ್ಗಿದ ದನಿಯಲ್ಲಿ, "ಸ್ವಾಮಿ, ಕೆಲಸ ಹೋದರೆ ಇದೆಲ್ಲ ಬ್ಯಾಂಕಿನ ಪಾಲು. ಆಮೇಲೆ ನನ್ನದೆಂದು ಏನು ಉಳಿಯುತ್ತದೆ?" ಎಂದು ಕೇಳಿದರು. ಕೆಳಗೆ ಅತಿಥಿಗಳು ಕಾದಿದ್ದರು. "ದೇವರಿದ್ದಾರೆ" ಎಂದಷ್ಟೇ ಹೇಳಿ ನಾವು ಮೆಟ್ಟಿಲಿಳಿದೆವು. ಆ ಉತ್ತರ ಸುಳ್ಳಲ್ಲ, ಆದರೆ ಅವಸರದ್ದು.

ಇದೇ ಪ್ರಶ್ನೆಯನ್ನು ಸುಮಾರು 15 ಶತಮಾನಗಳ ಹಿಂದೆ ಸಿರಿವಂತ ಕ್ರೈಸ್ತರೊಬ್ಬರು ಸೆರೆಮನೆಯಲ್ಲಿ ಕುಳಿತು ತಮಗೆ ತಾವೇ ಕೇಳಿಕೊಂಡಿದ್ದರು. ಅವರೇ ಬೊಯೆಥಿಯಸ್. 480ರ ಸುಮಾರಿಗೆ ರೋಮಿನ ಪ್ರತಿಷ್ಠಿತ ಮನೆತನವೊಂದರಲ್ಲಿ ಜನಿಸಿದ ಅವರು 510ರಲ್ಲಿ ಅತ್ಯುನ್ನತ ಗೌರವವಾದ ಕಾನ್ಸಲ್ ಪದವಿಗೇರಿದರು. 522ರಲ್ಲಿ ಅವರ ಇಬ್ಬರು ಪುತ್ರರಿಗೂ ಒಟ್ಟಿಗೇ ಅದೇ ಪದವಿ ದೊರೆಯಿತು. ಇಟಲಿಯನ್ನಾಳುತ್ತಿದ್ದ ಗಾಥ್ ದೊರೆ ಥಿಯೊಡೊರಿಕನ ಆಸ್ಥಾನದಲ್ಲಿ ಬೊಯೆಥಿಯಸರು ಉನ್ನತಾಧಿಕಾರಿಯಾದರು. ರಾಜದ್ರೋಹದ ಆಪಾದನೆಗೆ ಗುರಿಯಾದ ಅಲ್ಬಿನಸ್ ಎಂಬ ಸೆನೆಟ್ ಸದಸ್ಯರ ಪರವಾಗಿ ದನಿಯೆತ್ತಿದ್ದೇ ತಪ್ಪಾಯಿತು. ಆಪಾದನೆ ಅವರ ಮೇಲೆಯೇ ತಿರುಗಿತು. ಆಸ್ತಿ ಮುಟ್ಟುಗೋಲಾಯಿತು, ಪಾವಿಯ ನಗರದಲ್ಲಿ ಬಂಧನವಾಯಿತು, 524ರ ಸುಮಾರಿಗೆ ಮರಣದಂಡನೆಯೂ ಆಯಿತು.

ಬಂಧನದಲ್ಲಿ ಅವರು ಬರೆದ 'ತತ್ತ್ವಶಾಸ್ತ್ರದ ಸಾಂತ್ವನ' ಎಂಬ ಗ್ರಂಥವನ್ನು ಗುರುಮಠದಲ್ಲಿ ನಾವು ಪರೀಕ್ಷೆಗಾಗಿ ಓದಿದ್ದೆವು. ಪರೀಕ್ಷೆಯೊಡನೆ ಅದೂ ಮರೆತುಹೋಗಿತ್ತು. ಆ ಮನೆಯಿಂದ ಮರಳಿದ ರಾತ್ರಿ ಮತ್ತೆ ಕೈಗೆತ್ತಿಕೊಂಡೆವು. ಅಳುತ್ತಿರುವ ಕೈದಿಯ ಬಳಿಗೆ ತತ್ತ್ವಶಾಸ್ತ್ರವು ಸ್ತ್ರೀರೂಪ ತಾಳಿ ಬರುತ್ತದೆ. ಕಣ್ಣೀರನ್ನೊರೆಸುತ್ತದೆ, ಆದರೆ ಮುಲಾಜು ತೋರುವುದಿಲ್ಲ. ಹಣ, ಅಧಿಕಾರ, ಕೀರ್ತಿ ಒಂದೊಂದನ್ನೂ ಎತ್ತಿಕೊಂಡು, ಕಳೆದುಹೋಗಬಲ್ಲದ್ದು ಮೊದಲಿಗೆ ಅವರದಾಗಿತ್ತೇ ಎಂದು ವಿಚಾರಿಸುತ್ತದೆ. ದಂತ ಮತ್ತು ಗಾಜಿನಿಂದ ಅಲಂಕೃತವಾಗಿದ್ದ ಅವರ ಗ್ರಂಥಾಲಯದ ಪ್ರಸ್ತಾಪವೂ ಅಲ್ಲಿ ಬರುತ್ತದೆ. ಆ ಗ್ರಂಥಾಲಯ ಕೈತಪ್ಪಿತ್ತು. ಆದರೆ ಪ್ಲೇಟೊ, ಅರಿಸ್ಟಾಟಲರ ಕೃತಿಗಳನ್ನೆಲ್ಲ ಲ್ಯಾಟಿನ್ ಭಾಷೆಗೆ ತರಬೇಕೆಂಬ ಹಂಬಲದಿಂದ ವರ್ಷಗಟ್ಟಲೆ ಓದಿ ಒಳಗಿಳಿಸಿಕೊಂಡದ್ದು ಅವರೊಡನೆಯೇ ಸೆರೆಮನೆಗೆ ಬಂದಿತ್ತು. ಸೆರೆಗೆ ಬಿದ್ದ ಮೇಲೆ ಕೂಡಿಸಹೊರಟಿದ್ದರೆ ಸಮಯವೆಲ್ಲಿತ್ತು? ಮಕ್ಕಳ ಟ್ಯೂಷನ್ನಿಗೆಂದು ಸಂಜೆಯ ಜಪಸರವನ್ನು ಕೈಬಿಡುವ ತಂದೆತಾಯಿಯರು ಇದನ್ನು ಕೊಂಚ ಯೋಚಿಸಲಿ.

ಆದರೂ ಇಲ್ಲಿ ಒಂದು ಎಚ್ಚರಿಕೆ ನಮಗೇ ಬೇಕು. ಹೊಟ್ಟೆ ತುಂಬಿದವರು ಹಸಿದವರಿಗೆ ಆತ್ಮಸಂಪತ್ತನ್ನು ಬೋಧಿಸುವುದು ಸುಲಭ. ಬೋಧನಾಪೀಠದಲ್ಲಿ ನಿಲ್ಲುವ ನಮಗಂತೂ ಇನ್ನೂ ಸುಲಭ. ಪಾವಿಯದಲ್ಲಿ ಬೊಯೆಥಿಯಸರಿಗೆ ಸಲ್ಲುತ್ತಿದ್ದ ಪೂಜ್ಯತೆಗೆ 1883ರಲ್ಲಿ ಮನ್ನಣೆ ದೊರೆತದ್ದು ಜಗದ್ಗುರು 13ನೆಯ ಲಿಯೋ ಅವರ ಕಾಲದಲ್ಲಿ. ಅದೇ ಜಗದ್ಗುರುಗಳು 1891ರಲ್ಲಿ 'ರೇರುಂ ನೊವಾರುಂ' ವಿಶ್ವಪತ್ರವನ್ನು ಬರೆದು, ಕಾರ್ಮಿಕನ ಜೀವನಕ್ಕೆ ಸಾಲದ ಕೂಲಿ ಅನ್ಯಾಯವೆಂದು ಸಾರಿದರು.

ಗುರುಮಠದ ಪಾಠದಲ್ಲಿ ನಾವು ಕೇಳದಿದ್ದ ಸಂಗತಿಯೊಂದುಂಟು. ಬೊಯೆಥಿಯಸರ ಪತ್ನಿಯ ಹೆಸರು ರುಸ್ತಿಸಿಯಾನ. ಪತಿಯ ಬಳಿಕ ಆಕೆಯ ತಂದೆಯನ್ನೂ ಅದೇ ದೊರೆ ಕೊಲ್ಲಿಸಿದನು. ದೊರೆ ತೀರಿದ ಮೇಲೆ ಅವನ ಮಗಳು ಆಸ್ತಿಯನ್ನು ಮಕ್ಕಳಿಗೆ ಹಿಂದಿರುಗಿಸಿದಳು. ಆದರೆ ಯುದ್ಧ ಬಂತು. 546ರಲ್ಲಿ ಗಾಥ್ ದೊರೆ ತೊತಿಲನು ರೋಮನ್ನು ವಶಪಡಿಸಿಕೊಂಡಾಗ, ರುಸ್ತಿಸಿಯಾನ ಆಳುಗಳ ಉಡುಪಿನಲ್ಲಿ ಮನೆಮನೆಯ ಬಾಗಿಲು ತಟ್ಟಿ ಶತ್ರುಗಳಲ್ಲಿ ರೊಟ್ಟಿ ಬೇಡುವಂತಾಯಿತೆಂದು ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ತಮ್ಮ ಹಣವನ್ನು ಆಕೆ ಸದಾ ಇಲ್ಲದವರಿಗೆ ಹಂಚುತ್ತಲೇ ಬಂದಿದ್ದರೆಂಬುದನ್ನೂ ಆತನೇ ದಾಖಲಿಸಿದ್ದಾನೆ. ಆಕೆ ಬರೆದ ಗ್ರಂಥ ಯಾವುದೂ ನಮಗೆ ಉಳಿದು ಬಂದಿಲ್ಲ. ಆ ಹೊಸ ಮನೆಗೆ ಇನ್ನೊಮ್ಮೆ ಹೋದಾಗ, ಬೊಯೆಥಿಯಸರ ಕತೆಗಿಂತ ಮೊದಲು ಈಕೆಯದನ್ನು ಯಜಮಾನರಿಗೆ ಹೇಳಬೇಕೆಂದಿದ್ದೇವೆ.