ಆಲ್ಫಾ ಫೈ ಆಲ್ಫಾ: ಒಂದು ವಿದ್ಯಾರ್ಥಿ ಸೋದರಕೂಟ

ಅಮೆರಿಕದ ಕಾಲೇಜುಗಳಲ್ಲಿ 'ಫ್ರೆಟರ್ನಿಟಿ' ಎಂಬ ವಿದ್ಯಾರ್ಥಿಗಳ ಸೋದರಕೂಟಗಳುಂಟು. ಗ್ರೀಕ್ ಅಕ್ಷರಗಳ ಹೆಸರು, ಗುಟ್ಟಿನ ಪ್ರತಿಜ್ಞೆ, ಆರಿಸಿದವರಿಗಷ್ಟೇ ಪ್ರವೇಶ, ಇವು ಅವುಗಳ ಲಕ್ಷಣ. 1776ರಲ್ಲಿ ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ ಇವುಗಳಲ್ಲಿ ಮೊದಲನೆಯದು. ಕಾಲಕ್ರಮದಲ್ಲಿ ಇಂಥ ಕೂಟಗಳು ಸ್ವಂತ ಮನೆಗಳನ್ನು ಮಾಡಿಕೊಂಡು ಉಳ್ಳವರ ಮಕ್ಕಳ ಊಟ, ವಾಸ, ವಿನೋದಗಳ ತಾಣಗಳಾದುವು. ಕಪ್ಪು ಜನಾಂಗದ ಹುಡುಗರು ಆ ಮನೆಗಳೊಳಗೆ ಹೋಗುತ್ತಿದ್ದುದು ಹೆಚ್ಚಾಗಿ ಕೆಲಸದಾಳುಗಳಾಗಿ.

ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ 1904-05ರಲ್ಲಿ ಓದುತ್ತಿದ್ದ ಕಪ್ಪು ವಿದ್ಯಾರ್ಥಿಗಳ ಪೈಕಿ ಆರು ಮಂದಿ ಮರುವರ್ಷ ಹಿಂತಿರುಗಲಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ತರಗತಿಯ ಗೆಳೆಯನೊಬ್ಬನ ನೆನಪಾಯಿತು. ದೀಪಾವಳಿಯ ರಜೆಗೆ ಊರಿಗೆ ಹೋದವನು ಮತ್ತೆ ಬರಲೇ ಇಲ್ಲ. ಅವನೂ ನನ್ನಂತೆ ತನ್ನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಏಕೆ ಬರಲಿಲ್ಲವೆಂದು ನಾವು ಯಾರೂ ಹೋಗಿ ವಿಚಾರಿಸಲಿಲ್ಲ.

ಕಾರ್ನೆಲ್ಲಿನಲ್ಲಿ ಉಳಿದವರು ಸುಮ್ಮನಿರಲಿಲ್ಲ. ಊರಿನ ಕಪ್ಪು ಕುಟುಂಬಗಳ ಮನೆಗಳಲ್ಲಿ ಸೇರಿ ಒಟ್ಟಿಗೆ ಓದತೊಡಗಿದರು. ಇದು ಸಾಹಿತ್ಯ ಸಂಘವಾಗಿಯೇ ಇರಲಿ ಎಂದು ಕೆಲವರು, ಸೋದರಕೂಟವೇ ಆಗಬೇಕೆಂದು ಕೆಲವರು ಬಹಳವಾಗಿ ವಾದಿಸಿದರು. ಎರಡನೆಯ ಪಕ್ಷ ಗೆದ್ದು, 1906ರ ಡಿಸೆಂಬರ್ 4ರಂದು ಏಳು ಮಂದಿಯ ಆಲ್ಫಾ ಫೈ ಆಲ್ಫಾ ಸ್ಥಾಪನೆಯಾಯಿತು. ತಮ್ಮನ್ನು ಹೊರಗಿಟ್ಟವರ ಪದ್ಧತಿಯನ್ನೇ ಇವರು ಏಕೆ ಹಿಡಿದರು? ಪುಸ್ತಕದ ಸಹಾಯ ಪರೀಕ್ಷೆಯೊಡನೆ ಮುಗಿಯುತ್ತದೆ, ಸೋದರನೆಂಬ ಮಾತು ಕೊಟ್ಟರೆ ಅದು ಜೀವಮಾನದ ಹೊಣೆಯಾಗುತ್ತದೆ ಎಂಬುದು ನನ್ನ ಊಹೆ.

ಆ ಏಳು ಮಂದಿಯಲ್ಲಿ ಟ್ಯಾಂಡಿಯವರು ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿ ಪಡೆದ ಮೊದಲ ಕಪ್ಪು ವಾಸ್ತುಶಿಲ್ಪಿಯಾದರು. 1907ರಲ್ಲಿ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ಎರಡನೆಯ ಶಾಖೆ ತೆರೆಯಿತು. ಮುಂದೆ ಕಪ್ಪು ಮಕ್ಕಳನ್ನು ಹೈಸ್ಕೂಲಿಗೂ ಕಾಲೇಜಿಗೂ ಕಳುಹಿಸಿರೆಂದು ಕೂಟವು ದೇಶದಲ್ಲೆಲ್ಲ ಪ್ರಚಾರ ಕೈಗೊಂಡಿತು. ಮಾರ್ಟಿನ್ ಲೂಥರ್ ಕಿಂಗ್ ಬಾಸ್ಟನ್ನಿನಲ್ಲಿ ಓದುತ್ತಿದ್ದಾಗ, 1952ರಲ್ಲಿ, ಇದರ ಸದಸ್ಯರಾದರು. ಬೇರೆ ಜನಾಂಗದವರಿಗೂ ಇದರ ಬಾಗಿಲು 1945ರಲ್ಲಿಯೇ ತೆರೆದಿತ್ತು.

ದೋಷಗಳಿಲ್ಲವೆಂದು ಹೇಳಲಾರೆ. ಹೊಸಬರನ್ನು ಹೊಡೆದು, ಹೀಯಾಳಿಸಿ ಪರೀಕ್ಷಿಸುವ ಕೆಟ್ಟ ಚಾಳಿ ಇಲ್ಲಿಗೂ ಅಂಟಿತು. 1990ರಲ್ಲಿ ಕಪ್ಪು ಜನರ ಇಂಥ ಕೂಟಗಳು ಒಟ್ಟಾಗಿ ಹಳೆಯ ಉಮೇದುವಾರಿಯ ಪದ್ಧತಿಯನ್ನೇ ಕೈಬಿಟ್ಟರೂ ಉಪದ್ರವ ಪೂರ್ತಿ ನಿಂತಿಲ್ಲ.

ವಾಷಿಂಗ್‌ಟನ್ನಿನಲ್ಲಿ 2011ರಲ್ಲಿ ತೆರೆದ ಕಿಂಗ್ ಸ್ಮಾರಕಕ್ಕಾಗಿ ಬಹುಕಾಲ ದುಡಿದು ಹಣ ಕೂಡಿಸಲು ಮುಂದಾದವರು ಈ ಕೂಟದ ಸೋದರರೇ.